ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ಟಪ್ಪೆನ್ನುತ್ತದೆ: ಅಲ್ಯೂಮಿನಿಯಂ ಫೋಮನ್ನು ಎಲ್ಲಿ ನಂಬಬಹುದು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ತಂಡ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಪುಟ್ಟ ರೇಸ್ ಕಾರು ಕಟ್ಟುತ್ತಿದೆ. ಕಾರಿನ ಮೂತಿಯಲ್ಲಿ ಡಿಕ್ಕಿಯ ಹೊಡೆತ ಹೀರುವ ಇಂಪ್ಯಾಕ್ಟ್ ಅಟೆನ್ಯುಯೇಟರ್‌ಗೆಂದು ಅಲ್ಯೂಮಿನಿಯಂ ಫೋಮ್ (ಒಳಗೆಲ್ಲ ಗುಳ್ಳೆಗಳಿರುವ ಹಗುರ ಲೋಹ) ತರಿಸಿದ್ದೇವೆ. ಸಾಂದ್ರತೆ ಘನ ಸೆಂಟಿಮೀಟರಿಗೆ 0.4 ಗ್ರಾಂ, ಗುಳ್ಳೆಗಳು 4–5 ಮಿ.ಮೀ. 20 ಮಿ.ಮೀ. ಅಳತೆಯ ಐದು ಘನಗಳನ್ನು ಕತ್ತರಿಸಿ ಯುಟಿಎಂನಲ್ಲಿ (ವಸ್ತುವಿನ ಬಲ ಅಳೆಯುವ ಯಂತ್ರ) ಒತ್ತಿದೆವು. ಒಂದು 1.6 ಮೆಗಾಪ್ಯಾಸ್ಕಲ್‌ಗೇ ಕುಸಿಯಿತು, ಇನ್ನೊಂದು 2.9ರವರೆಗೆ ತಡೆಯಿತು. ಆದರೆ ಯಾವುದೂ ಒಡೆಯಲಿಲ್ಲ, ಸುಮ್ಮನೆ ಕುಗ್ಗಿದವು. ಅದೇ ದಿಮ್ಮಿಯಿಂದ 12 ಮಿ.ಮೀ. ದಪ್ಪದ ಪಟ್ಟಿ ತೆಗೆದು ಬಗ್ಗಿಸಿದರೆ ಟಪ್ ಅಂತ ಎರಡು ತುಂಡಾಯಿತು. ಈಗ ತಂಡದಲ್ಲಿ ಜಗಳ. ಒಬ್ಬ ‘ಇದು ರಸ್ಕ್ ಇದ್ದಂಗ ಅದ, ಬ್ಯಾಡ’ ಅನ್ನುತ್ತಾನೆ. ಸೀನಿಯರ್ ಒಬ್ಬರು ಮೆಟಲ್ ಫೋಮ್ ಗುಂಡು ತಡೆಯುವ ವಿಡಿಯೊ ತೋರಿಸಿ ‘ಇದಕ್ಕಿಂತ ಗಟ್ಟಿ ಯಾವುದಿದೆ’ ಅನ್ನುತ್ತಾರೆ. ಉಳಿದ ತುಂಡಿನಿಂದ ಬ್ರೇಕ್ ಪೆಡಲ್ ಕೂರಿಸುವ ಪ್ಲೇಟ್ ಮಾಡುವ ಯೋಚನೆಯೂ ಇದೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ಬ್ರೇಕ್ ಪೆಡಲ್ ಕೆಳಗೆ ಈ ಫೋಮ್ ಬೇಡ. ಕಾರಣ ಮುಂದೆ ಹೇಳುತ್ತೇನೆ. ಆ ಕೆಲಸ ಶುರುವಾಗಿದ್ದರೆ ಇವತ್ತೇ ನಿಲ್ಲಿಸಿ.

ಉಳಿದಂತೆ ನಿಮ್ಮ ಆತಂಕ ಇಷ್ಟು ಎಂದು ನನಗೆ ಅರ್ಥವಾಗಿದೆ: ಒಂದೇ ದಿಮ್ಮಿಯ ತುಂಡುಗಳು ಒಂದೊಂದು ಲೆಕ್ಕ ಕೊಡುತ್ತಿವೆ, ಒತ್ತಿದಾಗ ಒಂದು ಸ್ವಭಾವ, ಬಗ್ಗಿಸಿದಾಗ ಇನ್ನೊಂದು. ಇಂಥದ್ದನ್ನು ನಂಬಿ ಚಾಲಕನ ಕಾಲಿನ ಮುಂದೆ ಇಡಬಹುದೇ? ಇಡಬಹುದು. ಆದರೆ ಫೋಮಿನ ಬಲ ಅಂದರೆ ಏನು ಎಂಬುದನ್ನು ಘನ ಲೋಹದ ಲೆಕ್ಕದಿಂದ ಬಿಡಿಸಿ ನೋಡಬೇಕು. ನಿಮ್ಮ ಗೆಳೆಯ ಅರ್ಧ ಸರಿ. ಸೀನಿಯರ್ ತೋರಿಸಿದ ವಿಡಿಯೊ ಮಾತ್ರ ಬೇರೆಯೇ ವಸ್ತುವಿನದು.

ಅದನ್ನೇ ಮೊದಲು ಮುಗಿಸೋಣ. ಗುಂಡು ತಡೆದದ್ದು ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಫ್ಸಾನೆ ರಬಿಯೆ ಅವರ ತಂಡ ಮಾಡಿದ ಕಾಂಪೊಸಿಟ್ ಮೆಟಲ್ ಫೋಮ್. ಅದರಲ್ಲಿ ಒಳಗೆ ಟೊಳ್ಳಾದ ಉಕ್ಕಿನ ಪುಟ್ಟ ಗೋಲಿಗಳನ್ನು ಲೋಹದಲ್ಲೇ ಹುದುಗಿಸಿರುತ್ತಾರೆ. ಗೋಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ಗೋಡೆದಪ್ಪ. ಉಕ್ಕಿನ ಮಾದರಿಯ ತೂಕ ಘನ ಉಕ್ಕಿನ ಸುಮಾರು ಮೂರನೇ ಒಂದು ಪಾಲು, ಅಂದರೆ ಘನ ಅಲ್ಯೂಮಿನಿಯಂನಷ್ಟು. ನಿಮ್ಮ ಮೇಜಿನ ಮೇಲಿರುವುದು ಘನ ಅಲ್ಯೂಮಿನಿಯಂನ ಆರನೇ ಒಂದು ಪಾಲೂ ತೂಗದ ವಸ್ತು. ಹೆಸರಿನಲ್ಲಿ ಫೋಮ್ ಇದೆ ಎಂಬುದನ್ನು ಬಿಟ್ಟರೆ ಇವೆರಡಕ್ಕೂ ಹೋಲಿಕೆ ಕಡಿಮೆ.

ಇನ್ನೊಂದು ನಂಬಿಕೆ ನಿಮ್ಮ ಪತ್ರದಲ್ಲಿಲ್ಲ. ಆದರೆ ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಮಂದಿ ಅದನ್ನು ಹೊತ್ತುಕೊಂಡೇ ಬರುತ್ತಾರೆ: ‘ಶೇ 15ರಷ್ಟು ಲೋಹ ಇದೆ ಸರ್, ಹಾಗಾದರೆ ಬಲವೂ ಶೇ 15 ಇರಬೇಕಲ್ಲ?’ ಇರುವುದಿಲ್ಲ. ಗಿಬ್ಸನ್ ಮತ್ತು ಆಶ್ಬಿ ಎಂಬ ಇಬ್ಬರು ವಿಜ್ಞಾನಿಗಳು ಹಾಕಿಕೊಟ್ಟ ಸೂತ್ರದ ಪ್ರಕಾರ ತೆರೆದ ಗುಳ್ಳೆಗಳ ಫೋಮಿನ ಕುಸಿಯುವ ಬಲ ಸಾಪೇಕ್ಷ ಸಾಂದ್ರತೆಯ (ಫೋಮಿನ ಸಾಂದ್ರತೆಯನ್ನು ಘನ ಲೋಹದ್ದರಿಂದ ಭಾಗಿಸಿದ್ದು) ಒಂದೂವರೆ ಘಾತವನ್ನು ಅನುಸರಿಸುತ್ತದೆ, ಅದಕ್ಕೆ 0.3ರ ಗುಣಕ ಬೇರೆ. ನಿಮ್ಮ ದಿಮ್ಮಿಗೆ ಹಾಕಿ ನೋಡಿ. 0.4ನ್ನು ಘನ ಅಲ್ಯೂಮಿನಿಯಂನ 2.7ರಿಂದ ಭಾಗಿಸಿದರೆ 0.148. ಅದರ ಒಂದೂವರೆ ಘಾತ 0.057. 0.3ರಿಂದ ಗುಣಿಸಿದರೆ 0.017. ಅಂದರೆ ಮೂಲ ಲೋಹದ ಬಲದ ಶೇ 2ಕ್ಕೂ ಕಡಿಮೆ. ಗೋಡೆಯ ಲೋಹ 150 ಮೆಗಾಪ್ಯಾಸ್ಕಲ್‌ನದ್ದು ಎಂದಿಟ್ಟುಕೊಂಡರೆ ಫೋಮ್ 2.5ರ ಆಸುಪಾಸಿನಲ್ಲಿ ಕುಸಿಯಬೇಕು. ನಿಮ್ಮ ಅಂಕಿಗಳು ಅದರ ಸುತ್ತಲೇ ಇವೆ. ನಿಮಗೆ ಕೊಟ್ಟ ಮಾಲು ಕಳಪೆ ಎಂದು ಹೇಳಲು ಈ ಅಂಕಿಗಳಲ್ಲಿ ಕಾರಣ ಇಲ್ಲ.

ಬಲ ಇಷ್ಟು ಬೇಗ ಇಳಿಯುವುದೇಕೆ? ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ಕೈಗೆ ತೆಗೆದುಕೊಳ್ಳಿ. ಎರಡು ತುದಿ ಹಿಡಿದು ಎಳೆದರೆ ಹರಿಯುವುದು ಕಷ್ಟ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಚಿನ ಮೇಲೆ ಬೆರಳಿಟ್ಟು ಒತ್ತಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಅದಕ್ಕೆ ಮೊದಲೇ ಒಂದಿಷ್ಟು ಬಾಗು ಕೊಟ್ಟು ಒತ್ತಿದರೆ? ಬೆರಳಿಟ್ಟ ಕೂಡಲೇ ಮಡಚಿಕೊಳ್ಳುತ್ತದೆ. ಫೋಮಿನ ಗೋಡೆಗಳ ಪಾಡೂ ಇದೇ. ಮೇಲಿಂದ ಬಂದ ಭಾರ ಗೋಡೆಯ ನೇರಕ್ಕೆ ಇಳಿಯುವುದಿಲ್ಲ, ಅಡ್ಡಡ್ಡ ಬಂದು ಗೋಡೆಯನ್ನು ಬಗ್ಗಿಸುತ್ತದೆ. ತೆಳ್ಳಗಿನದ್ದನ್ನು ಬಗ್ಗಿಸುವುದು ಸುಲಭ. ಮುಚ್ಚಿದ ಗುಳ್ಳೆಗಳ ಫೋಮಿಗೆ ಪುಸ್ತಕದ ಲೆಕ್ಕದಲ್ಲಿ ಇನ್ನಷ್ಟು ಬಲ ಬರಬೇಕು, ಏಕೆಂದರೆ ಗುಳ್ಳೆಯ ಪೊರೆಗಳೂ ಭಾರ ಹೊರುತ್ತವೆ. ಆದರೆ ನಿಜವಾದ ದಿಮ್ಮಿಯೊಳಗೆ ಆ ಪೊರೆಗಳು ಸುಕ್ಕುಗಟ್ಟಿ, ಡೊಂಕಾಗಿ, ಕೆಲವೆಡೆ ಹರಿದೇ ಹೋಗಿರುತ್ತವೆ. ಹಾಗಾಗಿ ಮುಚ್ಚಿದ ಗುಳ್ಳೆಯದ್ದೂ ಬಹುಮಟ್ಟಿಗೆ ತೆರೆದ ಗುಳ್ಳೆಯದರಂತೆಯೇ ನಡೆದುಕೊಳ್ಳುತ್ತದೆ.

ಈ ಡೊಂಕುಗಳೆಲ್ಲ ಹುಟ್ಟುವುದು ತಯಾರಿಕೆಯಲ್ಲಿ. ಒಂದು ಹೆಸರಾದ ವಿಧಾನದಲ್ಲಿ ಕರಗಿದ ಅಲ್ಯೂಮಿನಿಯಂಗೆ ಸುಮಾರು ಶೇ 1.5ರಷ್ಟು ಕ್ಯಾಲ್ಸಿಯಂ ಹಾಕಿ ಕಲಕುತ್ತಾರೆ. ಅದು ದೋಸೆಹಿಟ್ಟಿನಂತೆ ಮಂದವಾಗುತ್ತದೆ. ಆಮೇಲೆ ಟೈಟಾನಿಯಂ ಹೈಡ್ರೈಡ್ ಪುಡಿ ಬೆರೆಸುತ್ತಾರೆ. ಆ ಬಿಸಿಗೆ ಪುಡಿ ಒಡೆದು ಹೈಡ್ರೋಜನ್ ಬಿಡುತ್ತದೆ, ಲೋಹ ಉಬ್ಬುತ್ತದೆ. ಮಂದ ಮಾಡದಿದ್ದರೆ ಗುಳ್ಳೆಗಳು ಮೇಲೆ ಬಂದು ಒಡೆದು ಹೋಗುತ್ತಿದ್ದವು. ಇನ್ನೊಂದು ವಿಧಾನದಲ್ಲಿ ಸಿಲಿಕಾನ್ ಕಾರ್ಬೈಡ್ ಕಣ ಬೆರೆಸಿದ ದ್ರವಲೋಹಕ್ಕೆ ನೇರವಾಗಿ ಗಾಳಿ ಊದುತ್ತಾರೆ. ಯಾವುದೇ ಆದರೂ, ಉಬ್ಬಿದ ಲೋಹ ಗಟ್ಟಿಯಾಗುವ ಮುಂಚಿನ ಹೊತ್ತಿನಲ್ಲಿ ದ್ರವ ಗೋಡೆಗಳಿಂದ ಕೆಳಕ್ಕೆ ಜಿನುಗುತ್ತದೆ. ಕರೆದ ಹಾಲಿನ ನೊರೆಯನ್ನು ಹಾಗೇ ಬಿಟ್ಟು ನೋಡಿ, ಮೇಲೆ ಒಣಗಿದ ದೊಡ್ಡ ಗುಳ್ಳೆ, ತಳದಲ್ಲಿ ಸಣ್ಣ ಗುಳ್ಳೆ, ಹಾಲು. ಅಲ್ಯೂಮಿನಿಯಂ ದಿಮ್ಮಿಯಲ್ಲೂ ಹಾಗೆಯೇ ಒಂದು ಬದಿ ಭಾರ, ಇನ್ನೊಂದು ಬದಿ ಹಗುರ ಆಗಿಬಿಡುತ್ತದೆ. ‘0.4’ ಎಂಬುದು ಇಡೀ ದಿಮ್ಮಿಯ ಸರಾಸರಿ. ನೀವು ಕತ್ತರಿಸಿದ ಒಂದು ಘನದ ಸಾಂದ್ರತೆ ಅದಲ್ಲ.

ಈಗ 1.6 ಮತ್ತು 2.9ರ ವಿಚಾರ. ನಿಮ್ಮ ಘನದ ಬದಿ 20 ಮಿ.ಮೀ., ಗುಳ್ಳೆ 4–5 ಮಿ.ಮೀ. ಅಂದರೆ ಒಂದು ಬದಿಗೆ ನಾಲ್ಕೈದು ಗುಳ್ಳೆ ಅಷ್ಟೇ. ಅದರಲ್ಲೂ ಹೊರಬದಿಯ ಗುಳ್ಳೆಗಳನ್ನು ಗರಗಸ ಸೀಳಿದೆ, ಅವಕ್ಕೆ ಪಕ್ಕದ ಆಸರೆ ಇಲ್ಲ. ಒಳಗೆ ನಿಜಕ್ಕೂ ಕೆಲಸ ಮಾಡುತ್ತಿರುವುದು ಎರಡು ಮೂರು ಗುಳ್ಳೆ. ಒಂದೇ ಒಂದು ದೊಡ್ಡ ಗುಳ್ಳೆ ಸಿಕ್ಕಿಕೊಂಡಿದ್ದರೂ ಫಲಿತಾಂಶ ತಲೆಕೆಳಗಾಗುತ್ತದೆ. ದಿಮ್ಮಿಯ ಗುಣ ತಿಳಿಯಬೇಕಾದರೆ ಪ್ರತಿ ಬದಿಗೆ ಕನಿಷ್ಠ ಆರೇಳು ಗುಳ್ಳೆಗಳಾದರೂ ಬೇಕು. ನಿಮ್ಮದಕ್ಕೆ 40 ಮಿ.ಮೀ. ಘನ ಕತ್ತರಿಸಿ. ಪ್ರತಿಯೊಂದನ್ನೂ ಒತ್ತುವ ಮೊದಲು ತೂಗಿ, ಅದರ ಮೇಲೆಯೇ ಸಾಂದ್ರತೆ ಬರೆದಿಡಿ. ಆಗ ಚದುರುವಿಕೆಯ ದೊಡ್ಡ ಪಾಲು ಸಾಂದ್ರತೆಯ ವ್ಯತ್ಯಾಸವೇ ಎಂದು ಕಾಣುತ್ತದೆ. ಸಾಂದ್ರತೆ ಶೇ 10 ಇಳಿದರೆ ಬಲ ಸುಮಾರು ಶೇ 15 ಇಳಿಯುತ್ತದೆ. ಹೀಗೆ ಮಾಡಿದ ಮೇಲೂ ಒಂದಿಷ್ಟು ಏರುಪೇರು ಉಳಿಯುತ್ತದೆ, ಅದು ವಸ್ತುವಿನ ಹುಟ್ಟುಗುಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಪ್ರೊ. ಉಪದ್ರಷ್ಟ ರಾಮಮೂರ್ತಿ ಈ ಏರುಪೇರನ್ನೇ ವಿಷಯವಾಗಿಟ್ಟುಕೊಂಡು ಅಧ್ಯಯನ ಮಾಡಿದ್ದರು. ನಿಮ್ಮ ಪ್ರಾಜೆಕ್ಟ್ ವರದಿಗೆ ಆ ಕೆಲಸ ಓದಿಕೊಳ್ಳುವುದು ಒಳ್ಳೆಯದು.

ಕತ್ತರಿಸುವಾಗಲೂ ಜಾಗ್ರತೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಮಾದರಿಯನ್ನು ಬೆಂಚ್ ವೈಸಿನಲ್ಲಿ ಬಿಗಿಯಾಗಿ ಕಚ್ಚಿಸಿ ಹ್ಯಾಕ್ಸಾದಲ್ಲಿ ಕೊಯ್ದಿದ್ದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಸೀಳಿ ನೋಡಿದಾಗ ವೈಸಿನ ದವಡೆ ತಗುಲಿದ ಎರಡೂ ಬದಿಯಲ್ಲಿ ಒಂದೊಂದು ಸಾಲು ಗುಳ್ಳೆ ಆಗಲೇ ಜಜ್ಜಿಹೋಗಿತ್ತು. ಎರಡು ವಾರದ ಅಂಕಿಗಳನ್ನು ಬಿಸಾಡಬೇಕಾಯಿತು. ಸಾಧ್ಯವಾದರೆ ವೈರ್‌ಕಟ್‌ನಲ್ಲಿ (ತಂತಿಯ ವಿದ್ಯುತ್ ಕಿಡಿಯಿಂದ ಕೊಯ್ಯುವ ಯಂತ್ರ) ಮಾಡಿಸಿ. ಇಲ್ಲವಾದರೆ ಸಣ್ಣ ಹಲ್ಲಿನ ಬ್ಯಾಂಡ್‌ಸಾ, ನಿಧಾನ ಓಟ, ಹಿಡಿತಕ್ಕೆ ಮರದ ಹಲಗೆ.

ಇನ್ನು ಟಪ್ಪೆಂದು ಮುರಿದ ಪಟ್ಟಿ. ಮುರಿದ ಮುಖ ಇನ್ನೂ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ಎಳೆತ ಬಿದ್ದ ಬದಿಯಲ್ಲಿ, ಅಂದರೆ ಬಗ್ಗಿಸಿದಾಗ ಹೊರಗೆ ಚಾಚಿದ ಮೈಯಲ್ಲಿ, ಉಳಿದವಕ್ಕಿಂತ ದೊಡ್ಡದೋ ಉದ್ದುದ್ದವೋ ಆದ ಒಂದು ಗುಳ್ಳೆ ಸಿಗುವ ಸಂಭವ ಹೆಚ್ಚು. ಬಿರುಕು ಅಲ್ಲಿ ಶುರುವಾಗಿ ಗುಳ್ಳೆಯ ತೆಳುಗೋಡೆಯಿಂದ ತೆಳುಗೋಡೆಗೆ ದಾಟಿಕೊಂಡು ಹೋಗಿರುತ್ತದೆ. ಆ ಗೋಡೆಯ ಮಧ್ಯಭಾಗದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಲೋಹವನ್ನು ಮಂದ ಮಾಡಲು ಹಾಕಿದ ಕ್ಯಾಲ್ಸಿಯಂ, ಗುಳ್ಳೆಬ್ಬಿಸಲು ಹಾಕಿದ ಟೈಟಾನಿಯಂ ಅಲ್ಯೂಮಿನಿಯಂ ಜೊತೆ ಸೇರಿ ಗಡುಸಾದ, ಬೇಗ ಬಿರಿಯುವ ಕಣಗಳಾಗಿ ಗೋಡೆಯೊಳಗೆ ಕೂತಿರುತ್ತವೆ. ಊದಿದ ಫೋಮಿನಲ್ಲಾದರೆ ಸಿಲಿಕಾನ್ ಕಾರ್ಬೈಡ್ ಕಣಗಳಿರುತ್ತವೆ. ಫೋಮ್ ಹುಟ್ಟಲು ಬೇಕಾದದ್ದೇ ಅದರ ಬಿರುಕಿಗೂ ದಾರಿ.

ಒತ್ತುವಾಗ ಈ ಬಿರುಕುಗಳು ಯಾಕೆ ಕೊಲ್ಲುವುದಿಲ್ಲ? ನನ್ನ ಲೆಕ್ಕದಲ್ಲಿ ಇಡೀ ವಿಷಯದ ಜೀವ ಇಲ್ಲಿದೆ. ಒತ್ತಿದಾಗ ಎಲ್ಲಕ್ಕಿಂತ ದುರ್ಬಲವಾದ ಒಂದು ಅಡ್ಡಸಾಲು ಮೊದಲು ಕುಸಿಯುತ್ತದೆ. ಕುಸಿದ ಗೋಡೆಗಳು ಒಂದರ ಮೇಲೊಂದು ಕೂತು, ಒಂದಕ್ಕೊಂದು ತಾಗಿ, ಆ ಸಾಲು ಗಟ್ಟಿಯಾಗುತ್ತದೆ. ಭಾರ ಪಕ್ಕದ ಸಾಲಿಗೆ ದಾಟುತ್ತದೆ. ಹೀಗೆ ಸಾಲು ಸಾಲಾಗಿ ಕುಸಿಯುತ್ತ ಹೋಗುವಾಗ ಯುಟಿಎಂನ ಗ್ರಾಫಿನಲ್ಲಿ ಬಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉದ್ದಕ್ಕೆ ಸಾಗುತ್ತದೆ. ಉದ್ದದ ಶೇ 60ರ ಹತ್ತಿರ ಬಂದಾಗ ಕುಸಿಯಲು ಗುಳ್ಳೆ ಉಳಿದಿರುವುದಿಲ್ಲ, ಗೆರೆ ಗೋಡೆ ಹತ್ತಿದಂತೆ ಮೇಲೇರುತ್ತದೆ. ಎಳೆದಾಗ ಆಗುವುದು ಇದರ ತದ್ವಿರುದ್ಧ. ಒಂದು ಗೋಡೆ ಹರಿದರೆ ಅದರ ಪಾಲಿನ ಭಾರ ನೆರೆಯ ಗೋಡೆಗೆ. ಅದೂ ಹರಿದರೆ ಮುಂದಿನದಕ್ಕೆ. ತಾಗಿ ನಿಲ್ಲಲು ಅಲ್ಲಿ ಏನೂ ಇಲ್ಲ. ಅದಕ್ಕೇ ಎಳೆತದಲ್ಲಿ ಶೇ ಒಂದೆರಡರಷ್ಟು ಹಿಗ್ಗುವಷ್ಟರಲ್ಲಿ ಕಥೆ ಮುಗಿಯುತ್ತದೆ. ಬಿರುಕಿಗೆ ಒಡ್ಡುವ ತಡೆಯನ್ನು ಅಳೆಯುವ ಅಂಕಿ ಘನ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ 20–30 ಇದ್ದರೆ ಇಂಥ ಫೋಮಿನಲ್ಲಿ ಬಹಳಷ್ಟು ಸಲ ಒಂದರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕೆಳಗೆ.

ಹಾಗೆಂದು ರಸ್ಕ್ ಎಂದರೆ ಅನ್ಯಾಯ. ರಸ್ಕನ್ನು ಒತ್ತಿದರೂ ಪುಡಿಯಾಗುತ್ತದೆ, ಇದು ಆಗುವುದಿಲ್ಲ. ಬಿರುಕು ಬಿಟ್ಟ ಮೇಲೂ ಹಿಂದೆ ಉಳಿದ ಕೆಲವು ಗೋಡೆಗಳು ಎರಡೂ ದಡವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತವೆ. ಇನ್ನೊಂದು ಸಮಾಧಾನದ ಸಂಗತಿ: ಸಾಗಿಸುವಾಗ ಆದ ಸಣ್ಣ ಗೀರು, ಒಂದೆರಡು ಗುಳ್ಳೆ ಆಳದ ಕಚ್ಚುಗಳಿಗೆ ಹೆದರಬೇಕಿಲ್ಲ. ಮೈಯೆಲ್ಲ ತೂತೇ ಇರುವ ವಸ್ತುವಿಗೆ ಇನ್ನೊಂದು ಸಣ್ಣ ತೂತು ದೊಡ್ಡ ಹೊರೆಯಲ್ಲ.

ಈಗ ನಿಮ್ಮ ಅಟೆನ್ಯುಯೇಟರ್. ನಿಯಮದ ಪ್ರಕಾರ 300 ಕಿಲೊ ತೂಕ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗುದ್ದಿದಾಗಿನ 7350 ಜೂಲ್ ಹೀರಬೇಕು. ವೇಗ ತಗ್ಗುವ ದರ ಸರಾಸರಿ 20 ಜಿ (ಭೂಮಿಯ ಗುರುತ್ವದ 20 ಪಟ್ಟು), ಗರಿಷ್ಠ 40 ಜಿ ದಾಟಬಾರದು. ಬಲಕ್ಕೆ ತಿರುಗಿಸಿದರೆ ಸರಾಸರಿ 58.9 ಕಿಲೋನ್ಯೂಟನ್, ಗರಿಷ್ಠ 117.7. (ನಿಮ್ಮ ಸ್ಪರ್ಧೆಯ ಈ ವರ್ಷದ ನಿಯಮಪುಸ್ತಕದ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ.) 200 × 100 ಮಿ.ಮೀ. ಮುಖ, 250 ಮಿ.ಮೀ. ಉದ್ದದ ದಿಮ್ಮಿ, 2.5 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಬಲ 50 ಕಿಲೋನ್ಯೂಟನ್, ಕುಗ್ಗಲು ಸಿಗುವುದು ಉದ್ದದ ಶೇ 60, ಅಂದರೆ 150 ಮಿ.ಮೀ., ಹೀರುವುದು 7500 ಜೂಲ್. ಪಾಸಾದಂತೆ ಕಾಣುತ್ತದೆ, ತೂಕ ಎರಡೇ ಕಿಲೊ. ಆದರೆ ನಿಮ್ಮ ಕೈಗೆ ಬಂದ ದಿಮ್ಮಿಯ ಸಾಂದ್ರತೆ ಶೇ 10 ಕಡಿಮೆ ಇದ್ದರೆ ಬಲ 42.7ಕ್ಕೆ ಇಳಿಯುತ್ತದೆ, ಹೀರುವುದು 6400 ಜೂಲ್. ಉಳಿದ 950 ಜೂಲ್ ಎಲ್ಲಿಗೆ ಹೋಗಬೇಕು? ಗುಳ್ಳೆ ಮುಗಿದು ಗೋಡೆಯಂತೆ ಏರುವ ಆ ಭಾಗಕ್ಕೆ. 40 ಜಿ ಮಿತಿ ದಾಟುವ ಅಪಾಯ ಇರುವುದು ಅಲ್ಲೇ. ಅತ್ತ ಸಾಂದ್ರತೆ ಶೇ 10 ಹೆಚ್ಚಿದ್ದರೆ ಬಲ 57.7, ಸರಾಸರಿ ಮಿತಿಗೆ ಕೂದಲೆಳೆ ಅಂತರ. ಅತ್ತ ದರಿ, ಇತ್ತ ಪುಲಿ.

ನನ್ನ ಮೊದಲ ಸಲಹೆ ಉದ್ದವನ್ನು 300 ಮಿ.ಮೀ. ಮಾಡಿ ಎಂಬುದು. ಆಗ ಹಗುರ ದಿಮ್ಮಿಯೂ 180 ಮಿ.ಮೀ. ಕುಗ್ಗಿ ಸುಮಾರು 7700 ಜೂಲ್ ಹೀರುತ್ತದೆ. ಹೆಚ್ಚುವುದು 400 ಗ್ರಾಂ. ತೊಂದರೆ ಏನೆಂದರೆ, ಉದ್ದ ಹೆಚ್ಚಿದಷ್ಟೂ ಓರೆಯಾಗಿ ಗುದ್ದಿದಾಗ ದಿಮ್ಮಿ ಬುಡದಲ್ಲಿ ಬಾಗುತ್ತದೆ, ಬಾಗಿದರೆ ಒಂದು ಬದಿಗೆ ಎಳೆತ, ಎಳೆತವೆಂದರೆ ನಿಮ್ಮ ಪಟ್ಟಿಗಾದದ್ದೇ. ಅದಕ್ಕೆ ಬುಡವನ್ನು ತುದಿಗಿಂತ ಅಗಲ ಇಡಿ, ಮೂತಿ ಕಡೆ ಕಿರಿದಾಗಲಿ. ಆಕಾರ ಬದಲಾದಾಗ ಬಲದ ಲೆಕ್ಕ ಹೊಸದಾಗಿ ಮಾಡಬೇಕು, ಬುಡದ ಕಡೆ ಸರಾಸರಿ ಮಿತಿಯ ಮೇಲೆ ಕಣ್ಣಿರಲಿ. ದಿಮ್ಮಿಯ ಹಗುರ ಬದಿ ಯಾವುದು, ಭಾರದ ಬದಿ ಯಾವುದು ಎಂದು ತುದಿಯ ಚೂರುಗಳನ್ನು ತೂಗಿ ಪತ್ತೆಮಾಡಿ, ಹಗುರ ಬದಿಯನ್ನು ಮೂತಿಗೆ ಕೊಡಿ. ಆಗ ಮುಂದಿನಿಂದ ಹಿಂದಕ್ಕೆ ಕ್ರಮವಾಗಿ ಕುಸಿಯುತ್ತದೆ. ಇದನ್ನು ಗಮನಿಸದೆ ಹಗುರ ಬದಿ ಎಡಕ್ಕೆ, ಭಾರದ ಬದಿ ಬಲಕ್ಕೆ ಬಂದುಬಿಟ್ಟರೆ ನೇರವಾಗಿ ಗುದ್ದಿದರೂ ದಿಮ್ಮಿ ವಾಲುತ್ತದೆ.

ಫೋಮನ್ನು ಅಲ್ಯೂಮಿನಿಯಂ ಚೌಕಕೊಳವೆಯೊಳಗೆ ತುಂಬುವುದೂ ಒಂದು ದಾರಿ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಈ ಬಗ್ಗೆ ತುಂಬ ಕೆಲಸ ನಡೆದಿದೆ. ಕೊಳವೆ ಮತ್ತು ಫೋಮ್ ಬೇರೆಬೇರೆಯಾಗಿ ಹೊರುವ ಬಲದ ಮೊತ್ತಕ್ಕಿಂತ ಜೋಡಿಯಾಗಿ ಹೊರುವುದು ಹೆಚ್ಚು, ಎಳೆತದ ಭಾಗವನ್ನು ಕೊಳವೆ ನೋಡಿಕೊಳ್ಳುತ್ತದೆ. ಆದರೆ ಕೊಳವೆ ಮೊದಲ ಮಡಿಕೆ ಬೀಳುವಾಗ ಬಲ ಒಮ್ಮೆಲೇ ಜಿಗಿಯುತ್ತದೆ. ನಿಮಗೆ ಪರೀಕ್ಷೆಗೆ ಸಮಯ ಕಡಿಮೆ ಇದ್ದರೆ ಈ ದಾರಿಗೆ ಹೋಗಬೇಡಿ. ಅಲ್ಯೂಮಿನಿಯಂ ಹನಿಕೂಂಬ್ ಅದೇ ತೂಕಕ್ಕೆ ಹೆಚ್ಚು ಹೀರುತ್ತದೆ. ಆದರೆ ಜೇನುಗೂಡಿನ ಕಣ್ಣು ಇರುವ ದಿಕ್ಕಿಗೆ ಮಾತ್ರ, ಓರೆ ಹೊಡೆತಕ್ಕೆ ಅದು ಸೋಲುತ್ತದೆ. ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬಲ ಇರುವುದು ಫೋಮಿನ ದೊಡ್ಡ ಗುಣ. ಇದ್ಯಾವುದರ ತಂಟೆಯೂ ಬೇಡವೆಂದರೆ ನಿಯಮಪುಸ್ತಕವೇ ಒಪ್ಪಿರುವ ಪ್ರಮಾಣಿತ ಪಾಲಿಮರ್ ಫೋಮ್ ಇದೆ. ಕಲಿಯುವುದು ಕಡಿಮೆ, ತಾಂತ್ರಿಕ ತಪಾಸಣೆಯಲ್ಲಿ ನಿರಾಳ.

ಜೋಡಿಸುವಾಗ ಫೋಮಿಗೆ ನೇರ ಬೋಲ್ಟ್ ಹಾಕಬೇಡಿ. ಬಿಗಿ ಮಾಡಿದಷ್ಟೂ ವಾಷರ್ ಅಡಿಯ ಗುಳ್ಳೆಗಳು ಜಜ್ಜುತ್ತವೆ, ಬಿಗಿ ನಿಲ್ಲುವುದೇ ಇಲ್ಲ. ಇಡೀ ಬುಡವನ್ನು ಎಪಾಕ್ಸಿ ಅಂಟಿನಿಂದ ಹಿಂದಿನ ತಡೆಫಲಕಕ್ಕೆ (ಅಟೆನ್ಯುಯೇಟರ್ ಮತ್ತು ಚಾಲಕನ ನಡುವಿನ ಲೋಹದ ಹಾಳೆ) ಅಂಟಿಸಿ, ಬೋಲ್ಟುಗಳು ಫಲಕಕ್ಕೆ ಮಾತ್ರ ಇರಲಿ. ಕತ್ತರಿಸಿದ ಮುಖಗಳಿಗೂ ತೆಳುವಾಗಿ ಎಪಾಕ್ಸಿ ಸವರಿ. ಮುಚ್ಚಿದ ಗುಳ್ಳೆ ಎಂದರೂ ಗೋಡೆಗಳಲ್ಲಿ ಸೂಕ್ಷ್ಮ ಬಿರುಕಿರುತ್ತದೆ, ನೀರು ಒಳಗೆ ಇಳಿಯುತ್ತದೆ. ಫಲಕ ಉಕ್ಕಿನದಾಗಿದ್ದರೆ ನೀರು ಕೂತ ಕಡೆ ಅಲ್ಯೂಮಿನಿಯಂ ಸವೆಯುತ್ತದೆ.

ಪೆಡಲ್ ಪ್ಲೇಟ್ ಯಾಕೆ ಬೇಡ ಎಂಬುದು ಈಗ ನಿಮಗೇ ಹೊಳೆದಿರಬಹುದು. ಬ್ರೇಕ್ ಪೆಡಲ್ 2000 ನ್ಯೂಟನ್ ತಡೆಯಬೇಕೆಂದು ನಿಯಮ ಹೇಳುತ್ತದೆ. ಚಾಲಕ ಗಾಬರಿಯಲ್ಲಿ ತುಳಿದಾಗ ಪೆಡಲಿನ ಬುಡ ತಿರುಗಲು ನೋಡುತ್ತದೆ, ಹಿಂದಿನ ಬೋಲ್ಟುಗಳನ್ನು ಮೇಲಕ್ಕೆ ಕೀಳುತ್ತದೆ. ಅಲ್ಲಿ ಬೀಳುವುದು ಬಾಗು ಮತ್ತು ಎಳೆತ, ಅದೂ ಒಂದು ಸಲವಲ್ಲ, ಪ್ರತಿ ತಿರುವಿಗೂ. ಪದೇಪದೇ ಬೀಳುವ ಭಾರಕ್ಕೆ ಫೋಮಿನ ಮಿತಿ ಒಮ್ಮೆ ಒತ್ತಿದಾಗಿನ ಬಲದ ಅರ್ಧದಷ್ಟು ಎಂದು ಹಿಡಿಯಬೇಕು. ಒತ್ತಿದಾಗಲಾದರೆ ನಿಧಾನವಾಗಿ ಕುಗ್ಗಿ ಸೂಚನೆ ಕೊಡುತ್ತದೆ, ಎಳೆತದಲ್ಲಿ ಸೂಚನೆ ಕೊಡದೆ ಹೋಗುತ್ತದೆ. ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಬೋಲ್ಟಿನ ಜಾಗದಲ್ಲಿ ಘನ ಲೋಹದ ಬುಷ್ ಕೂರಿಸಿ ಸ್ಯಾಂಡ್‌ವಿಚ್ ಮಾಡಬಹುದು, ವೃತ್ತಿಯಲ್ಲಿ ಹಾಗೆ ಮಾಡುತ್ತಾರೆ. ಆದರೆ ಅಂಟಿನ ಗುಣಮಟ್ಟ ಪರೀಕ್ಷಿಸುವ ಅನುಕೂಲ ನಿಮ್ಮ ವರ್ಕ್‌ಶಾಪಿನಲ್ಲಿ ಇಲ್ಲದೆ ಅದನ್ನು ಒಬ್ಬ ಚಾಲಕನ ಕಾಲಿನಡಿ ಇಡಲು ನಾನು ಒಪ್ಪಲಾರೆ. ಅಲ್ಲಿಗೆ ಘನ ಅಲ್ಯೂಮಿನಿಯಂ ಪ್ಲೇಟನ್ನೇ ಹಾಕಿ.

ಪರೀಕ್ಷೆಗೆ ಡ್ರಾಪ್ ಟವರ್ (ಎತ್ತರದಿಂದ ಭಾರ ಬೀಳಿಸುವ ಸಾಧನ) ಸಿಗದಿದ್ದರೆ ಚಿಂತೆ ಬೇಡ, ನಿಧಾನವಾಗಿ ಒತ್ತುವ ಪರೀಕ್ಷೆಯನ್ನೂ ನಿಯಮ ಒಪ್ಪುತ್ತದೆ. ಸೆಕೆಂಡಿಗೆ 7 ಮೀಟರ್ ಎಂಬುದು ಅಲ್ಯೂಮಿನಿಯಂ ಫೋಮಿನ ಬಲ ಗಮನಾರ್ಹವಾಗಿ ಬದಲಾಗುವಷ್ಟು ವೇಗವಲ್ಲ, ಹಾಗಾಗಿ ಆ ಅಂಕಿಗಳನ್ನು ನಂಬಬಹುದು. ತಡೆಫಲಕ ಸಮೇತ ಇಡೀ ಜೋಡಣೆಯನ್ನು ಒತ್ತಿಸಿ, ಫಲಕದ ಹಿಂದೆ 50 ಮಿ.ಮೀ. ಖಾಲಿ ಜಾಗ ಬಿಡಿ, ಫಲಕ ಶಾಶ್ವತವಾಗಿ 25 ಮಿ.ಮೀ.ಗಿಂತ ಹೆಚ್ಚು ಬಾಗಿದೆಯೇ ಅಳೆಯಿರಿ. ಕಾರಿಗೆ ಹಾಕುವ ದಿಮ್ಮಿ ಮತ್ತು ಪರೀಕ್ಷೆಗೆ ಒತ್ತುವ ದಿಮ್ಮಿ ಎರಡನ್ನೂ ತೂಗಿ, ತೂಕದ ಅಂತರ ಶೇ 5ರ ಒಳಗಿರಲಿ. 40 ಮಿ.ಮೀ. ಘನಗಳ ಫಲಿತಾಂಶ ಬಂದ ಕೂಡಲೇ ತೂಕದ ಪಟ್ಟಿಯ ಜೊತೆ ಗ್ರಾಫುಗಳನ್ನು ಕಳಿಸಿಕೊಡಿ. ಬುಡದ ಅಗಲ ಎಷ್ಟಿರಬೇಕು ಎಂಬ ಲೆಕ್ಕವನ್ನು ಅವುಗಳ ಮೇಲೆಯೇ ಕೂತು ಮಾಡೋಣ.